ಅವ್ವನ ಸ್ಕ್ಯಾನಿಂಗು, ಮಂಡಕ್ಕಿಯ ಫೀಸು

ಚಳ್ಳಕೆರೆಯಲ್ಲಿ ಅವ್ವನ ಹೊಟ್ಟೆಯ ಸ್ಕ್ಯಾನಿಂಗಿಗೆ ನಾನು ಒಂದೂವರೆ ಫೀಸು ಕಟ್ಟಿದೆ. ಒಂದು ಅವ್ವನಿಗೆ, ಉಳಿದರ್ಧ ಅವಳು ತಿಂದ ಮಂಡಕ್ಕಿಗೆ.

ತೊಂಬತ್ತರ ದಶಕದ ಕೊನೆಯ ಮಾತಿದು. ಅವ್ವನ ಎಡ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಸಣ್ಣ ಗಡ್ಡೆಯೊಂದು ಕಂಡಿತ್ತು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಬೆಳೆದಿದ್ದರೆ ಆಪರೇಷನ್ ಎಂದಿದ್ದರು ಡಾಕ್ಟರು. ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುವಾಗ ಹಳೇ ರಿಪೋರ್ಟನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದುದು ನಾನು. ಅವ್ವ ಕಿಟಕಿ ಪಕ್ಕ ಆರಾಮವಾಗಿ ಕೂತಿದ್ದಳು.

ಡಾಕ್ಟರಮ್ಮ ಜೆಲ್ ಹಚ್ಚಿ ಎಷ್ಟು ಒತ್ತಿ ನೋಡಿದರೂ ಆ ಜಾಗ ಕಾಣಲಿಲ್ಲ.

“ಬರೀ ಗ್ಯಾಸ್ ಅಡ್ಡ ಬರ್ತಿದೆ. ಏನಾದ್ರೂ ತಿಂದ್ರಾ ಅಮ್ಮ?”

“ಊಟ ಮಾಡಬ್ಯಾಡ ಅಂದಿದ್ರಿ, ಮಾಡಿಲ್ಲ ಕಣ್ ತಾಯಿ. ಬಸ್‌ಸ್ಟ್ಯಾಂಡಾಗೆ ಒಂದೀಟು ಮಂಡಕ್ಕಿ, ಎಲ್ಡು ಮೆಣಸಿನಕಾಯಿ ಬಜ್ಜಿ. ಅದೇನು ಊಟನಾ?”

ಮರುದಿನ ಖಾಲಿ ಹೊಟ್ಟೆಯಲ್ಲೇ ಕರೆತಂದೆ. ಊರಲ್ಲಿ ಸೀರೆ ವ್ಯಾಪಾರ ಮಾಡಿದ ನನ್ನ ಬಾಯಿ ಸುಮ್ಮನಿರುತ್ತದೆಯೇ, ಎರಡನೇ ಸಲದ ಫೀಸನ್ನು ಅರ್ಧಕ್ಕಿಳಿಸಿದೆ. ಈ ಸಲ ಗಡ್ಡೆ ಸ್ಪಷ್ಟವಾಗಿ ಕಂಡಿತು. ಒಂದಿಷ್ಟೂ ಬೆಳೆದಿರಲಿಲ್ಲ, ಸದ್ಯಕ್ಕೆ ಆಪರೇಷನ್ ಬೇಡ ಎಂದರು.

ಹಿರಿಯರನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವವರು ‘ಊಟ ಮಾಡಬೇಡಿ’ ಎಂದಷ್ಟೇ ಹೇಳಿ ಬಿಡಬೇಡಿ. ಬಜ್ಜಿ, ಬನ್ನು, ಟೀ ಎಂದು ಒಂದೊಂದರ ಹೆಸರು ಹಿಡಿದು ಹೇಳಿ. ಬಸ್‌ಸ್ಟ್ಯಾಂಡಿನಲ್ಲಿ ಅವರೊಬ್ಬರನ್ನೇ ಕೂರಿಸಿ ಬೀಡಾ ಅಂಗಡಿಯ ಕಡೆಗಂತೂ ಹೋಗಲೇಬೇಡಿ.