ಅಗ್ಗದ ಸ್ಕ್ಯಾನರೂ ನಿದ್ದೆಯ ಮುಖಗಳೂ

ಶಿರಾ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕ. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ದಾರಿಯಲ್ಲಿ ನಿದ್ದೆಹೋದವರ ಮುಖವನ್ನು ಪೆನ್ಸಿಲಿನಲ್ಲಿ ಬರೆಯುವುದು ನನ್ನ ಚಟ. ಎಚ್ಚರವಿದ್ದವರನ್ನು ಬರೆಯುವ ಧೈರ್ಯ ನನಗಿಲ್ಲ. ಆ ಪುಕ್ಕಲುತನವನ್ನೇ ಕಲೆ ಎಂದು ಕರೆದುಕೊಂಡು ಹದಿನೈದು ವರ್ಷ ಕಳೆದಿದ್ದೇನೆ.

ಹೋದ ವರ್ಷ ಒಂದು ಸಣ್ಣ ಪತ್ರಿಕೆಯ ಸಂಪಾದಕರು ಕೆಲವು ಚಿತ್ರ ಕೇಳಿದರು. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದೆ. ಎಲ್ಲ ಮುಖಗಳ ಮೇಲೂ ನನ್ನ ಕೈಯ ನೆರಳು. ಸ್ಕ್ಯಾನ್ ಮಾಡಿ ಕಳಿಸಿ ಎಂದರು. ಜೆರಾಕ್ಸ್ ಅಂಗಡಿಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಪತ್ರಿಕೆಯವರೇ ಕೇಳಿದ ಮೇಲೆ ಕಲಾವಿದನಿಗೆ ಸ್ವಂತದ್ದೊಂದು ಯಂತ್ರ ಬೇಡವೇ ಅನ್ನಿಸಿತು. ಅಗ್ಗದ್ದೇ ಬೇಕೆಂದೂ ಅನ್ನಿಸಿತು. ನನ್ನ ಕಲೆಯ ಮೇಲೆ ನನಗಿದ್ದ ನಂಬಿಕೆ ಅಷ್ಟೇ.

ಶಾಲೆಯಲ್ಲಿ ಗಣಿತದ ಮೇಷ್ಟ್ರು, "ಬರೀ ಸ್ಕ್ಯಾನರ್ ಯಾರ್ ತಗಂತಾರೆ ಸಾರ್? ಪ್ರಿಂಟರೂ ಇರೋದ್ ತಗಳಿ, ಪ್ರಶ್ನೆಪತ್ರಿಕೆನೂ ತೆಗೀಬೋದು" ಎಂದರು. ಯಾರ ಪ್ರಶ್ನೆಪತ್ರಿಕೆ ಎಂದು ಹೇಳಲಿಲ್ಲ.

ಶಿರಾದ ಅಂಗಡಿಯವನು ಸ್ಲೇಟಿನಷ್ಟು ತೆಳ್ಳಗಿನ ಸ್ಕ್ಯಾನರ್ ತೋರಿಸಿದ. "ಸಸ್ತಾದಲ್ಲಿ ಇದೇ ಬೆಸ್ಟ್ ಸಾರ್" ಎಂದು ಯಾರದೋ ಪಹಣಿಯನ್ನು ಸ್ಕ್ಯಾನ್ ಮಾಡಿದ. ಅಕ್ಷರವೆಲ್ಲ ಮುತ್ತಿನಂತೆ ಬಂತು. ನಾನು ಬರೆಯುವುದು ಪಹಣಿಯಲ್ಲವೆಂದು ಹೇಳಿ, ಚೀಲದಿಂದ ಒಂದು ಚಿತ್ರ ತೆಗೆದುಕೊಟ್ಟೆ. ಅವನು ಅದನ್ನು ನೋಡದೆಯೇ ಬೋರಲು ಹಾಕಿದ. ಪರದೆಯ ಮೇಲೆ ಒಂದು ಮೂಗು, ಸ್ವಲ್ಪ ಗಡ್ಡ ಮಾತ್ರ ಬಂತು. ಕೆನ್ನೆಗೆ ಕೊಟ್ಟಿದ್ದ ತೆಳು ನೆರಳೆಲ್ಲ ಮಾಯ.

"ನೋಡಿ ಸಾರ್, ಗಲೀಜೆಲ್ಲ ಅದೇ ಕ್ಲೀನ್ ಮಾಡ್ಬುಡ್ತು" ಎಂದ.

ಆ ಗಲೀಜೇ ನನ್ನ ಕಲೆ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಅವನು ಬೇಸರಿಸದೆ, ಕಾಗದಪತ್ರದ ಸೆಟ್ಟಿಂಗ್ ತೆಗೆದು ಫೋಟೊದ್ದಕ್ಕೆ ಹಾಕಿದ. ಸುರುಟಿದ ಹಾಳೆಯ ಮೇಲೆ ಮುಚ್ಚಳವನ್ನು ಅಂಗೈಯಿಂದ ಒತ್ತಿಹಿಡಿದ. ಈ ಸಲ ಸುಕ್ಕು, ಜೋತ ತುಟಿ, ಹಲ್ಲಿಲ್ಲದ ತೆರೆದ ಬಾಯಿ ಎಲ್ಲ ಬಂತು.

ಅವನು ಪರದೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ಇದು ನಮ್ ಅಬ್ಬಾ. ಕೇಳಿ ಬರೆದ್ರಾ ಸಾರ್?" ಎಂದ.

ಇಲ್ಲ ಎಂದೆ. ಅವನು ಒಳಗಿದ್ದ ತಂದೆಯನ್ನು ಕರೆದ. ಮುದುಕರು ಬಂದು, ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

"ನಾನ್ ಮಲ್ಗಿರ್ಲಿಲ್ಲ, ಕಣ್ ಮುಚ್ಕೊಂಡಿದ್ದೆ" ಎಂದರು.

"ಬಾಯಿ?" ಎಂದ ಮಗ.

"ಸೆಕೆ ಇತ್ತು."

ಕ್ಷಮೆ ಕೇಳಿದೆ. ಪತ್ರಿಕೆಗೆ ಕಳಿಸಲೇ ಎಂದೂ ಕೇಳಿದೆ. "ಕಳ್ಸು. ಮಲ್ಗಿದ್ದ ಅಂತ ಹಾಕ್ಬ್ಯಾಡ" ಎಂದು ಹೇಳಿ, ಯಂತ್ರದೊಳಗಿನ ಹಾಳೆ ತೆಗೆದು, ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಸ್ಕ್ಯಾನಾದ ಪ್ರತಿಯನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡೆ. ಸ್ಕ್ಯಾನರ್ ಕೊಂಡೆ. ಇಷ್ಟೆಲ್ಲ ಆದರೂ ಮಗ ಒಂದು ರೂಪಾಯಿ ಬಿಡಲಿಲ್ಲ.

ಪತ್ರಿಕೆಯಲ್ಲಿ ನಾಲ್ಕು ಚಿತ್ರ ಬಂದವು. ಮುದುಕರದ್ದರ ಕೆಳಗೆ 'ಧ್ಯಾನ' ಎಂದು ಹಾಕಿಸಿದ್ದೆ. ಇಬ್ಬರು ಓದುಗರು ಅದರ ಆಳವನ್ನು ಮೆಚ್ಚಿ ಫೋನ್ ಮಾಡಿದರು. ನಾನು ತಿದ್ದಲಿಲ್ಲ.

ಈಗ ಬಸ್ಸಿನಲ್ಲಿ ಕೇಳಿಯೇ ಬರೆಯುತ್ತೇನೆ. ಕೇಳಿದ ಕೂಡಲೇ ಜನ ನೆಟ್ಟಗೆ ಕೂತು ತಲೆ ಬಾಚಿಕೊಳ್ಳುತ್ತಾರೆ, ನಗುತ್ತಾರೆ. ಎಲ್ಲರೂ ಮದುವೆ ಫೋಟೊದಲ್ಲಿರುವಂತೆಯೇ ಬರುತ್ತಾರೆ. ಸ್ಕ್ಯಾನರಿನಲ್ಲಿ ಅಂಥವು ಬಹಳ ಸ್ವಚ್ಛವಾಗಿ ಮೂಡುತ್ತವೆ.