ಡಾಕ್ಟರ ಅಂದಾಜು ತಪ್ಪಿದ ದಿನ

ಪ್ರೇಮಲತಾ ಹರಿಹರದವಳು. ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದು, ಸೀರೆ ಅಂಗಡಿಯಲ್ಲಿ ಸಂಜೆಯವರೆಗೆ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಟ್ಟು ಮನೆಗೆ ಹೋಗುವ ಹೆಂಗಸು. ಗಂಡ ಪರಶುರಾಮ್ ಲಾರಿ ಡ್ರೈವರ್. ತಿಂಗಳಲ್ಲಿ ಹೆಚ್ಚು ದಿನ ಪುಣೆ, ಸೂರತ್ ದಾರಿಯಲ್ಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆ ಉಡಚಮ್ಮ. ಮದುವೆಯಾಗಿ ಹತ್ತು ವರ್ಷ ದಾಟಿದರೂ ಮಕ್ಕಳಾಗಿರಲಿಲ್ಲ. ಆ ಮಾತನ್ನು ಎತ್ತುವುದನ್ನೇ ಮನೆಯವರು ಬಿಟ್ಟಿದ್ದರು. ಅತ್ತೆ ಬೈದಿದ್ದರೂ ಸಹಿಸುತ್ತಿದ್ದಳೇನೋ, ಆ ಮೌನವೇ ಅವಳಿಗೆ ಭಾರವಾಗಿತ್ತು.

ಮೂವತ್ತೇಳು ತುಂಬಿದಾಗ ಅವಳೇ ಮನಸ್ಸು ಗಟ್ಟಿ ಮಾಡಿ ವಿದ್ಯಾನಗರದ ಆಸ್ಪತ್ರೆಯೊಂದಕ್ಕೆ ಹೋದಳು. ಪರಶುರಾಮ್ ಒಂದು ದಿನ ಜೊತೆಗೆ ಬಂದ. ತಾನು ಊರಲ್ಲಿ ಇಲ್ಲದಿದ್ದರೂ ಚಿಕಿತ್ಸೆ ನಡೆಯಲೆಂದು ವೀರ್ಯ ಕೊಟ್ಟು, ಅದನ್ನು ಅಲ್ಲೇ ಕಾಪಿಡಲು ಒಪ್ಪಿ, ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಹೆಂಡತಿಗೆ ಹೇಳಿ ಹೊರಟುಬಿಟ್ಟ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಸ್ಕ್ಯಾನಿಂಗ್ ಮಾಡಿ ಅಂಡಾಶಯದೊಳಗಿನ ಸಣ್ಣ ಗುಳ್ಳೆಗಳನ್ನು ನೋಡಿದರು. ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಬೆಳೆದಾವು ಎಂಬುದನ್ನು ಇವೆರಡರಿಂದ ಮೊದಲೇ ಅಂದಾಜು ಮಾಡಬಹುದಂತೆ. ಅವಳ ಪಾಲಿಗೆ ಬಂದ ಅಂದಾಜು ಚೆನ್ನಾಗಿರಲಿಲ್ಲ.

"ಒಂದೋ ಎರಡೋ ಬರಬಹುದು. ಬರದೆಯೂ ಇರಬಹುದು," ಎಂದರು ಡಾಕ್ಟರಮ್ಮ. "ಆಸೆ ಇಟ್ಕೊ, ಆದ್ರೆ ಜಾಸ್ತಿ ಬ್ಯಾಡ."

ದಿನವೂ ಸಂಜೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕಿತ್ತು. ಮನೆಯಲ್ಲಿ ಆಗುವಂತಿರಲಿಲ್ಲ. ಅಂಗಡಿಯ ಹಿಂದಿನ ಸ್ಟಾಕ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡು, ಐಸ್ ತುಂಬಿದ ಡಬ್ಬಿಯಿಂದ ಔಷಧಿ ತೆಗೆದು, ಸೀರೆಯ ಗಂಟುಗಳ ಮೇಲೆ ಕೂತು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಮೊದಲ ಸಲ ಸೂಜಿ ಬಾಗಿತು. ಹೊರಗೆ ಗಿರಾಕಿಗಳ ಚೌಕಾಶಿ ಕೇಳುತ್ತಿತ್ತು. ಬರುಬರುತ್ತ ಚುಚ್ಚಿಕೊಳ್ಳುವುದು ರೂಢಿಯಾಯಿತು. ನೋವಾಯಿತಾ ಎಂದು ಕೇಳುವವರಿಲ್ಲದ್ದು ಮಾತ್ರ ರೂಢಿಯಾಗಲಿಲ್ಲ.

ವಾರ ಕಳೆದ ಮೇಲೆ ಸ್ಕ್ಯಾನಿಂಗ್ ಮಾಡುವಾಗ ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಎಡಕ್ಕೆ ನಾಲ್ಕು, ಬಲಕ್ಕೆ ಮೂರು ಕಪ್ಪು ಗುಳ್ಳೆ, ದುಂಡಗೆ ದ್ರಾಕ್ಷಿಯ ಹಾಗೆ.

"ನನ್ನ ಅಂದಾಜು ತಪ್ಪಾತು ನೋಡಮ್ಮ," ಎಂದು ನಕ್ಕರು.

ಪ್ರೇಮಲತಾ ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು. ಅವನು ಘಾಟ್ ಇಳಿಯುತ್ತಿದ್ದ. ಹೌದಾ, ಆತು ಬಿಡು, ಆಮೇಲೆ ಮಾಡ್ತೀನಿ ಎಂದ. ಆಮೇಲೆ ಮಾಡಲಿಲ್ಲ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಕಾಲೇಜು ಹುಡುಗಿಯರು ಗುಂಪುಗುಂಪಾಗಿ ನಗುತ್ತ ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ತನ್ನ ಮೈ ಮೊದಲ ಸಲ ಒಳ್ಳೆ ಸುದ್ದಿ ಕೊಟ್ಟಿತ್ತು, ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲಿಗೆ ಹೋಗಿ ಕೇಸರಿಬಾತ್ ತರಿಸಿಕೊಂಡು ಒಬ್ಬಳೇ ತಿಂದಳು.

ಮೊಟ್ಟೆ ಹೊರತೆಗೆಯುವ ದಿನ ಅರಿವಳಿಕೆ ಕೊಡುವುದರಿಂದ ಜೊತೆಗೆ ಒಬ್ಬರು ಇರಲೇಬೇಕಿತ್ತು. ಬರುತ್ತೇನೆಂದಿದ್ದ ಪರಶುರಾಮ್ ಲೋಡಿಗೆ ಕಾಯುತ್ತ ಕೊಲ್ಲಾಪುರದಲ್ಲೇ ಉಳಿದ. ಹಿಂದಿನ ದಿನ ಪ್ರೇಮಲತಾ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದಳು. ಅವರೆಕಾಯಿ ಸುಲಿಯುತ್ತಿದ್ದ ಉಡಚಮ್ಮ ಕೈ ನಿಲ್ಲಿಸಲಿಲ್ಲ.

"ಎಷ್ಟೊತ್ತಿಗೆ ಹೋಗ್ಬೇಕು?" ಎಂದು ಮಾತ್ರ ಕೇಳಿದಳು.

ಎಚ್ಚರವಾದಾಗ ಅತ್ತೆ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು. ಯಾರಾದರೂ ಮೆಟ್ಟಿಕೊಂಡು ಹೋದಾರೆಂದು ಸೊಸೆಯ ಚಪ್ಪಲಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಆರು ಮೊಟ್ಟೆ ಸಿಕ್ಕಿದ್ದವು. ಅದರಲ್ಲಿ ಎರಡು ಭ್ರೂಣವಾದವು. ಎರಡನ್ನೂ ಗರ್ಭಕೋಶದೊಳಗೆ ಇಟ್ಟರು. ಎರಡು ವಾರದ ಮೇಲೆ ಪರೀಕ್ಷೆ ಮಾಡಿದಾಗ ಎರಡೂ ನಿಂತಿರಲಿಲ್ಲ.

"ಮೊಟ್ಟೆ ಎಷ್ಟು ಬರ್ತವೆ ಅಂತ ಅಂದಾಜು ಹೇಳ್ತೀವಿ, ಅದೂ ಒಮ್ಮೊಮ್ಮೆ ತಪ್ಪುತ್ತೆ," ಎಂದರು ಡಾಕ್ಟರಮ್ಮ. "ಮಗು ನಿಲ್ಲುತ್ತೋ ಇಲ್ವೋ ಅಂತ ಮೊದ್ಲೇ ಹೇಳೋ ಪರೀಕ್ಷೆ ನಮ್ಮ ಹತ್ರ ಇಲ್ಲಮ್ಮ."

ಮನೆಗೆ ಬಂದವಳ ಮುಖ ನೋಡಿಯೇ ಉಡಚಮ್ಮನಿಗೆ ಗೊತ್ತಾಯಿತು. ಹಂಡೆಗೆ ಉರಿ ಹಾಕಿ, ಸೊಸೆಯನ್ನು ಕೂರಿಸಿ ತಲೆಗೆ ನೀರು ಹಾಕಿದಳು.

ಊರಿಗೆ ಬಂದ ಪರಶುರಾಮ್ ಊಟಕ್ಕೆ ಕೂತಾಗ, ಹೋಗಲಿ ಬಿಡು, ಮತ್ತೊಂದು ಸಲ ನೋಡೋಣ ಎಂದ.

"ನೋಡಾಣಂತ್ರಿ," ಎಂದಳು ಪ್ರೇಮಲತಾ. "ಆದ್ರ ನಾನೊಬ್ಬಾಕೆ ಹೋಗಂಗಿಲ್ಲ."

ಅವನು ಊಟ ಮುಗಿಸಿ ಕೈ ತೊಳೆದ. ಬೆಳಿಗ್ಗೆ ಲೋಡಿದೆ ಎಂದು ಅವನಿಗೆ ಫೋನ್ ಬಂತು, ಲಾರಿ ತೆಗೆದುಕೊಂಡು ಹೋದ. ಅವಳು ಆ ಆಸ್ಪತ್ರೆಗೆ ಇನ್ನೂ ಮತ್ತೆ ಹೋಗಿಲ್ಲ.