ಮಠಕ್ಕೆ ಬಳಿದ ಸುಣ್ಣ

ಅತಿಥಿಗಳು ಬರುತ್ತಾರೆಂದರೆ ನಮ್ಮ ಕಡೆ ಮೊದಲು ಸಿಂಗಾರಗೊಳ್ಳುವುದು ಮನುಷ್ಯರಲ್ಲ, ಗೋಡೆಗಳು. ಬೀಗರೇ ಬರಲಿ, ಶಾಲಾ ತನಿಖೆಯವರೇ ಬರಲಿ, ಸುಣ್ಣ ಕಲಸಲೇಬೇಕು. ಅದರಲ್ಲಿ ಅರ್ಧ ಗೋಡೆಗೆ, ಅರ್ಧ ಬಳಿಯುವವರ ತಲೆಗೂದಲಿಗೆ ಎಂಬುದು ಬೇರೆ ಮಾತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೋರಟಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆ. ಅಲ್ಲೊಂದು ಪುರಾತನ ಕಲ್ಲಿನ ಮಠ. ಮಳೆ ಬಂದಾಗ ಒಳಗು ಹೊರಗೆಂಬ ಭೇದವೆಣಿಸದ ಅದ್ವೈತ ಅದರ ಮಾಳಿಗೆಯದು. ಸಂರಕ್ಷಿತ ಸ್ಮಾರಕವಾದರೆ ಸರಕಾರವೇ ದುರಸ್ತಿ ಮಾಡಿಸೀತೆಂದು ನಾನೇ ಅರ್ಜಿ ಗೀಚಿದ್ದೆ. ಪರಿಶೀಲನೆಗೆ ಅಧಿಕಾರಿಯೊಬ್ಬರು ಬರುವರೆಂಬ ಪತ್ರ ಬಂದದ್ದೇ ತಡ, ಊರಿಗೆ ಊರೇ ಎದ್ದು, ಅವರು ಬರುವ ಹಿಂದಿನ ದಿನ, ನನ್ನ ಘನ ನೇತೃತ್ವದಲ್ಲಿ, ಗೋಡೆ, ಕಂಬ, ಕೆತ್ತನೆಗಳಿಗೆಲ್ಲ ಹಾಲಿನಂಥ ಸುಣ್ಣ ಬಳಿದುಬಿಟ್ಟಿತು. ಬಾಗಿಲ ಪಕ್ಕದ ಗೋಡೆಯನ್ನು ಮಾತ್ರ ಮುದುಕಿ ಗಂಗವ್ವನಿಗೇ ಬಿಟ್ಟೆವು. ಪ್ರತಿ ಶ್ರಾವಣಕ್ಕೆ ಅದಕ್ಕೆ ಸುಣ್ಣ ಹಚ್ಚುವ ಸೇವೆ ಆಕೆಗೆ ಅತ್ತೆಯಿಂದ ಬಂದದ್ದು.

ಅಧಿಕಾರಿಗಳು ಜೀಪಿನಿಂದ ಇಳಿದವರು, ನನ್ನ ಕೈಯ ಹಾರವನ್ನೂ ನೋಡದೆ ಕಟ್ಟೆಯ ಮೇಲೆ ಕುಸಿದು ಕುಳಿತರು. “ಮಾಸ್ತರ, ನಾ ಹಳೇ ಕಲ್ಲು ನೋಡಾಕ ಬಂದೇನ್ರಿ. ನೀವು ಹೊಸಾ ಮನಿ ಮಾಡಿಟ್ಟೀರಿ. ನಾ ಏನಂತ ಬರೀಲಿ?”

ಮಾಳಿಗೆ ಇನ್ನು ಸೋರುತ್ತಲೇ ಇರುತ್ತದೆ, ಅದಕ್ಕೆ ಕಾರಣ ನಾನೇ ಎಂದು ನನಗೆ ಅಳುವೇ ಬಂತು.

“ಸಂಜೀತನಕ ಇರ್ತೀರೇನ್ರಿ?” ಎಂದಳು ಗಂಗವ್ವ. ಅವರು ಹೂಂ ಎಂದರು. ಆಮೇಲೆ ನೀವು ನೋಡಬೇಕಿತ್ತು! ಕಬ್ಬಿಣ ತಾಗಿಸಬಾರದೆಂದು ಅಪ್ಪಣೆಯಾಗಿ, ಕೊಡ, ತೆಂಗಿನ ನಾರು, ಹಳೆಯ ಸೀರೆಗಳೊಂದಿಗೆ ಎಲ್ಲರೂ ನಿನ್ನೆ ಬಳಿದದ್ದನ್ನು ಇಂದು ಅದೇ ಉತ್ಸಾಹದಿಂದ ತೊಳೆಯತೊಡಗಿದರು. ಹಸಿ ಸುಣ್ಣ ಇಳಿದಂತೆ ಹಂಸ, ಬಳ್ಳಿ, ಆನೆಗಳು ಹೊರಬಂದವು. ಒಂದೊಂದಕ್ಕೂ ಒಂದೊಂದು ಕೇಕೆ. ಗಂಗವ್ವನ ಗೋಡೆಯಲ್ಲಿ ಹಳೆಯ ಪದರಗಳೂ ಹಪ್ಪಳದಂತೆ ಎದ್ದು, ಆಕೆ ಬರಿಯ ಉಬ್ಬೆಂದು ತಿಳಿದಿದ್ದ ಕಡೆ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣೊಬ್ಬಳು ಕಂಡಳು.

“ಅಯ್ಯ ನನ್ನವ್ವ, ಇಷ್ಟು ವರ್ಷ ನಿನ್ನ ಮಾರಿಗೇ ಸುಣ್ಣಾ ಹಚ್ಚಿದ್ನಲ್ಲ!” ಎಂದು ಗಂಗವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ಅಧಿಕಾರಿಗಳು ಪಟ ತೆಗೆದುಕೊಂಡು, ಅಲ್ಲೇ ಕುಳಿತು ಶಿಫಾರಸು ಬರೆದರು; ಇನ್ನು ಮುಂದೆ ಸುಣ್ಣ ನಿಷಿದ್ಧವೆಂದೂ ಹೇಳಿದರು. ಗಂಗವ್ವನ ಮುಖ ಸಪ್ಪಗಾಯಿತು.

“ಸುಣ್ಣ ಬ್ಯಾಡ್ರಿ ಸಾಹೇಬ್ರ. ವರ್ಷಕ್ಕೊಮ್ಮಿ ಈಕಿ ಮಾರೀನರ ತೊಳೀಬೌದಿಲ್ರಿ?”

ಸಾಹೇಬರು ಕಾಗದದಿಂದ ತಲೆಯೆತ್ತಿದರು. “ಬರೇ ತಣ್ಣೀರು, ಯವ್ವಾ. ಮತ್ತೇನೂ ಹಚ್ಚಬ್ಯಾಡ.”

ಮರುವರ್ಷ ಮಾಳಿಗೆ ದುರಸ್ತಿಯಾಯಿತು, ಕಾವಲುಗಾರನೂ ಬಂದ. ಶ್ರಾವಣದ ಮೊದಲ ಸೋಮವಾರ ಗಂಗವ್ವ ಕೊಡ ಹೊತ್ತು ಬಂದು, ಕಲ್ಲಿನ ಹೆಣ್ಣಿನ ಮುಖ ತೊಳೆದು, ಸೆರಗಿನಿಂದ ಒರೆಸಿ, ಆಚೀಚೆ ನೋಡಿ, ಹಣೆಗೆ ಒಂದಿಷ್ಟು ವಿಭೂತಿ ಹಚ್ಚಿಬಿಟ್ಟಳು. ಕಾವಲುಗಾರ ತಟಕ್ಕನೆ ಆಕಾಶದ ಕಡೆ ಮುಖ ತಿರುಗಿಸಿದ. ನಾನೂ ತಿರುಗಿಸಿದೆ.